ಓಕೇಸಿಯ ‘ನೇಗಿಲು ಮತ್ತು ನಕ್ಷತ್ರಗಳು’: ೧೯೨೬ನೆಯ ವರ್ಷದ ಐರ್ಲೆಂಡಿನಲ್ಲಿ ಒಂದು ನಾಟಕವೂ ಅದರ ಪ್ರೇಕ್ಷಕರೂ

ಕ್ರಿ. ಶ. ೧೯೨೬ನೆಯ ಫೆಬ್ರವರಿ ೧೧ನೆಯ ತಾರೀಖು ಗುರುವಾರ ರಾತ್ರಿ ಡಬ್ಲಿನ್ ನಗರದ ಆಬಿ ನಾಟಕಶಾಲೆಯಲ್ಲಿ ಶಾನ್ ಓಕೇಸಿಯ ‘ನೇಗಿಲು ಮತ್ತು ನಕ್ಷತ್ರಗಳು’ ಎಂಬ ನಾಲ್ಕು ಅಂಕಗಳ ನಾಟಕವು ನಡೆಯುತ್ತಿದ್ದಾಗ ಪ್ರೇಕ್ಷಕರಲ್ಲಿ ಒಂದು ಗುಂಪು ಎದ್ದು ಪ್ರದರ್ಶನಕ್ಕೆ ಅಡ್ಡಿಮಾಡಿತು. ಐರ್ಲೆಂಡಿನ ಆಧುನಿಕ ನಾಟಕದ ಚರಿತ್ರೆಯನ್ನು ಬರೆದವರು ಈ ಸಂಗತಿಯನ್ನು ಬಿಡುವುದಿಲ್ಲ. ಅದನ್ನು ಹೇಳುವ ರೀತಿಯೂ ಬಹುಮಟ್ಟಿಗೆ ಒಂದೇ. ಒಂದು ಕಡೆಗೆ ಪ್ರತಿಭೆ, ಮತ್ತೊಂದು ಕಡೆಗೆ ಮೌಢ್ಯ. ನಡುವೆ ಪ್ರತಿಭೆಯ ಪರವಾಗಿ ಗರ್ಜಿಸುವ ವೃದ್ಧ ಕವಿ ಯೇಟ್ಸ್. ಈ ಕಥೆ ಹೇಳುವುದಕ್ಕೆ ಸುಲಭ, ತರಗತಿಯಲ್ಲಿ ಬೋಧಿಸುವುದಕ್ಕೂ ಸುಲಭ. ಆದರೆ ಅಂದು ಎದ್ದು ನಿಂತವರು ಯಾರೆಂದು ವಿಚಾರಿಸಿದ ಕೂಡಲೆ ಈ ಸುಲಭತೆಯು ಉಳಿಯುವುದಿಲ್ಲ. ಅವರಲ್ಲಿ ಹಲವರು ೧೯೧೬ರ ಈಸ್ಟರ್ ದಂಗೆಯಲ್ಲಿಯೂ ಅದರ ಹಿಂದೆಯೇ ಬಂದ ಮರಣದಂಡನೆಗಳಲ್ಲಿಯೂ ತಮ್ಮವರನ್ನು ಕಳೆದುಕೊಂಡ ಹೆಂಗಸರು. ನಾಟಕವಾದರೋ ಅದೇ ದಂಗೆಯಲ್ಲಿ ಗಂಡನನ್ನೂ ಮಗುವನ್ನೂ ಕೊನೆಗೆ ಬುದ್ಧಿಯನ್ನೂ ಕಳೆದುಕೊಂಡ ಒಬ್ಬ ಹೆಂಗಸಿನ ಕಥೆ. ವಿಧವೆಯ ದುಃಖವನ್ನು ಎತ್ತಿ ಆಡಿದ ನಾಟಕವನ್ನು ವಿಧವೆಯರೇ ಏಕೆ ತಡೆದರು? ಇದಕ್ಕೆ ಉತ್ತರವು ಅರ್ಧ ನಾಟಕದ ಹೊರಗೆ ಇದೆ, ಅರ್ಧ ಒಳಗೆ ಇದೆ.

ಹೊರಗಿನದನ್ನು ಮೊದಲು ನೋಡಬಹುದು. ೧೯೨೧ರ ಡಿಸೆಂಬರಿನಲ್ಲಿ ಇಂಗ್ಲೆಂಡಿನೊಡನೆ ಆದ ಒಪ್ಪಂದದಿಂದ ಐರ್ಲೆಂಡಿನ ಇಪ್ಪತ್ತಾರು ಜಿಲ್ಲೆಗಳಿಗೆ ಸ್ವಾತಂತ್ರ್ಯದ ಬಹುಭಾಗವು ಬಂದಿತ್ತು. ಉತ್ತರದ ಆರು ಜಿಲ್ಲೆಗಳು ಹೊರಗೆ ಉಳಿದವು. ಶಾಸನಸಭೆಯ ಸದಸ್ಯರು ಆಂಗ್ಲ ದೊರೆಗೆ ನಿಷ್ಠೆಯ ಪ್ರತಿಜ್ಞೆಯನ್ನು ಮಾಡಬೇಕಾಯಿತು. ಈ ಪ್ರತಿಜ್ಞೆಯೇ ಮುಖ್ಯ ಕಾರಣವಾಗಿ ನಿನ್ನೆಯ ಸಂಗಡಿಗರು ಇಂದಿನ ಶತ್ರುಗಳಾಗಿ ೧೯೨೨-೨೩ರಲ್ಲಿ ಅಂತರ್ಯುದ್ಧವು ನಡೆಯಿತು. ಗೆದ್ದವರು ರಾಜ್ಯವನ್ನು ಆಳಿದರು. ಸೋತವರು, ಎಂದರೆ ಪೂರ್ಣ ಗಣರಾಜ್ಯವಾದಿಗಳು, ಚುನಾವಣೆಯಲ್ಲಿ ಆರಿಸಿ ಬಂದರೂ ಪ್ರತಿಜ್ಞೆಗೆ ಒಲ್ಲದೆ ಸಭೆಯ ಹೊರಗೇ ನಿಂತರು. ಒಪ್ಪಂದವು ಸಭೆಯ ಮುಂದೆ ಬಂದಾಗ ಅಲ್ಲಿದ್ದ ಆರು ಮಂದಿ ಸ್ತ್ರೀಸದಸ್ಯರಲ್ಲಿ ಆರು ಮಂದಿಯೂ ಅದಕ್ಕೆ ವಿರೋಧವಾಗಿ ಮತಕೊಟ್ಟಿದ್ದರೆಂಬುದನ್ನು ಇಲ್ಲಿ ನೆನೆಯಬೇಕು.

ಹೀಗೆ ೧೯೨೬ನೆಯ ವರ್ಷವು ಒಂದು ವಿಚಿತ್ರವಾದ ಸಂಧಿಕಾಲ. ಜನವರಿ ೧ರಂದು ಡಬ್ಲಿನ್ನಿನ ಆಕಾಶವಾಣಿಯು ಆರಂಭವಾಯಿತು. ವಿದ್ವಾಂಸ ಡಗ್ಲಸ್ ಹೈಡ್ ಮಹಾಶಯನು ಅದನ್ನು ಉದ್ಘಾಟಿಸಿದನು. ಏಪ್ರಿಲ್ ತಿಂಗಳಲ್ಲಿ ಹೊಸ ರಾಜ್ಯವು ತನ್ನ ಮೊದಲನೆಯ ಜನಗಣತಿಯನ್ನು ಮಾಡಿ ತನ್ನಲ್ಲಿ ೨೯,೭೧,೯೯೨ ಜನರಿದ್ದಾರೆಂದೂ, ಇದು ೧೯೧೧ರ ಎಣಿಕೆಗಿಂತ ನೂರಕ್ಕೆ ಐದರಷ್ಟು ಕಡಿಮೆಯೆಂದೂ ತಿಳಿದುಕೊಂಡಿತು. ಮಾರ್ಚಿಯಲ್ಲಿ ಡಿ ವೆಲೆರಾ ತನ್ನ ಪಕ್ಷದ ಮಹಾಸಭೆಯಲ್ಲಿ ಐದು ಮತಗಳಿಂದ ಸೋತು ಹೊರಬಂದನು. ಮೇ ೧೬ರಂದು ಫೀಯನ ಫಾಲ್ ಎಂಬ ಹೊಸ ಪಕ್ಷವನ್ನು ಸ್ಥಾಪಿಸಿದನು. ಸ್ಥಾಪಿಸಿದ ಸ್ಥಳವೂ ಒಂದು ನಾಟಕಶಾಲೆಯೇ: ೧೯೧೬ರಲ್ಲಿ ದಂಗೆಕೋರರ ಕೋಟೆಯಾಗಿ ಸುಟ್ಟುಹೋದ ಅಂಚೆಯ ಮುಖ್ಯ ಕಚೇರಿಯ ಮಗ್ಗುಲಲ್ಲಿದ್ದ ಲಾ ಸ್ಕಾಲಾ. ಫೆಬ್ರವರಿಯಲ್ಲಿ ಇದೊಂದೂ ಇನ್ನೂ ಆಗಿರಲಿಲ್ಲ. ಗಣರಾಜ್ಯವಾದಿಗಳಿಗೆ ಆಗ ಶಾಸನಸಭೆಯಲ್ಲಿ ಬಾಯಿಲ್ಲ. ಬಾಯಿಲ್ಲದವರು ನಾಟಕಶಾಲೆಯಲ್ಲಿ ಬಾಯಿ ತೆರೆದುದು ಅಷ್ಟೇನೂ ಆಶ್ಚರ್ಯವಲ್ಲ.

ಅದರಲ್ಲಿಯೂ ಆಬಿಯಲ್ಲಿ ತೆರೆದುದಕ್ಕೆ ಬೇರೊಂದು ಕಾರಣವಿದ್ದಿತು. ೧೯೦೪ರಲ್ಲಿ ತೆರೆದ ಈ ಚಿಕ್ಕ ನಾಟಕಶಾಲೆಗೆ ೧೯೨೫ರಲ್ಲಿ ಸರ್ಕಾರವು ೮೫೦ ಪೌಂಡುಗಳ ಸಹಾಯದ್ರವ್ಯವನ್ನು ಕೊಟ್ಟಿತು. ಇಂಗ್ಲಿಷ್ ಆಡುವ ದೇಶಗಳಲ್ಲಿ ಹೀಗೆ ರಾಜ್ಯದ ಹಣವನ್ನು ಪಡೆದ ಮೊದಲನೆಯ ನಾಟಕಶಾಲೆ ಇದೇ. ಹಣದೊಡನೆ ಸರ್ಕಾರದ ಪ್ರತಿನಿಧಿಯೊಬ್ಬನೂ ಆಡಳಿತಮಂಡಲಿಗೆ ಬಂದನು. ಅರ್ಥಶಾಸ್ತ್ರದ ಅಧ್ಯಾಪಕನಾದ ಜಾರ್ಜ್ ಓಬ್ರಿಯನ್ ಎಂಬ ಈತನು ಓಕೇಸಿಯ ಹಸ್ತಪ್ರತಿಯನ್ನು ಓದಿ ಅಲ್ಲಿದ್ದ ವೇಶ್ಯೆಯ ಪಾತ್ರಕ್ಕೂ, ಅವಳ ಹಾಡಿಗೂ, ಕೆಲವು ಬೈಗುಳಗಳಿಗೂ ಆಕ್ಷೇಪವನ್ನು ಬರೆದನು. ಯೇಟ್ಸನೂ ಲೇಡಿ ಗ್ರೆಗರಿಯೂ ಪಾತ್ರವನ್ನು ಬಿಟ್ಟುಕೊಡಲಿಲ್ಲ. ಹಣವೋ ಸ್ವಾತಂತ್ರ್ಯವೋ ಎಂಬ ಆಯ್ಕೆ ಬಂದರೆ ಸ್ವಾತಂತ್ರ್ಯವೇ ಸರಿಯೆಂಬುದು ಆ ಮುದುಕಿಯ ನಿಲುವಾಗಿದ್ದಿತು. ಹಾಡು ಮಾತ್ರ ಹೋಯಿತು. ನಟವರ್ಗದಲ್ಲಿಯೂ ಸಂಕೋಚಗಳಿದ್ದುವು: ಐಲೀನ್ ಕ್ರೋ ಎಂಬ ನಟಿಯು ತನ್ನ ಪಾತ್ರದ ಒಂದು ಮಾತನ್ನು ಆಡಲಾರೆನೆಂದುದರಿಂದ ಆ ಪಾತ್ರವನ್ನು ಬೇರೊಬ್ಬಳಿಗೆ ಕೊಡಬೇಕಾಯಿತು. ಇವೆಲ್ಲವೂ ಶೀಲದ ಪ್ರಶ್ನೆಗಳು. ಗುರುವಾರದ ಗಲಭೆಯನ್ನೂ ಇದೇ ಲೆಕ್ಕಕ್ಕೆ ಸೇರಿಸುವುದು ವಾಡಿಕೆಯಾಗಿದೆ. ಅದು ತಪ್ಪು.

ಭಾರತೀಯ ವಾಚಕರಿಗೆ ಆಬಿಯ ಹೆಸರು ಬೇರೊಂದು ಕಾರಣದಿಂದ ಪರಿಚಿತವಾಗಿರಬಹುದು. ರವೀಂದ್ರನಾಥ ಠಾಕೂರರ ‘ಡಾಕ್‌ಘರ್’ ನಾಟಕವು ಇಂಗ್ಲಿಷಿನಲ್ಲಿ ಮೊದಲು ರಂಗವನ್ನೇರಿದುದು ಇಲ್ಲಿಯೇ, ೧೯೧೩ರ ಮೇ ತಿಂಗಳಲ್ಲಿ. ಆ ಪ್ರದರ್ಶನದ ಹಣವು ಸಂದುದು ಪಾಟ್ರಿಕ್ ಪಿಯರ್ಸ್ ಎಂಬ ಅಧ್ಯಾಪಕನು ನಡೆಯಿಸುತ್ತಿದ್ದ ಸಂತ ಎಂಡಾ ಶಾಲೆಗೆ. ಪಿಯರ್ಸನೇ ಬರೆದ ಒಂದು ಚಿಕ್ಕ ನಾಟಕವನ್ನೂ ಅಂದು ಆಡಿದರು. ಮೂರು ವರ್ಷಗಳ ಮೇಲೆ ಈ ಪಿಯರ್ಸನೇ ಈಸ್ಟರ್ ದಂಗೆಯ ಮುಖಂಡನಾಗಿ ಗಣರಾಜ್ಯದ ಘೋಷಣೆಯನ್ನು ಓದಿ, ೧೯೧೬ನೆಯ ಮೇ ೩ರಂದು ಗುಂಡಿಗೆ ಗುರಿಯಾದನು. ಮರುದಿನ ಅವನ ತಮ್ಮನೂ ಹಾಗೆಯೇ ಸತ್ತನು. ಹತ್ತು ವರ್ಷಗಳಾದ ಮೇಲೆ ಅದೇ ರಂಗಸ್ಥಳಕ್ಕೆ ಪಿಯರ್ಸನ ಮಾತುಗಳು ಹೆಸರಿಲ್ಲದೆ, ಕಿಟಕಿಯ ಹೊರಗಿನ ನೆರಳಾಗಿ ಬಂದುವು. ಅವನ ತಾಯಿ ಆಗ ಬದುಕಿದ್ದಳು.

ಈಗ ನಾಟಕದ ಒಳಕ್ಕೆ ಬರಬೇಕು. ಓಕೇಸಿಯು ೧೮೮೦ರಲ್ಲಿ ಡಬ್ಲಿನ್ನಿನ ಒಂದು ಪ್ರಾಟೆಸ್ಟೆಂಟ್ ಕುಟುಂಬದಲ್ಲಿ ಹುಟ್ಟಿ, ಬಡತನದಲ್ಲಿ ಬೆಳೆದು, ಕೂಲಿಯಿಂದ ಜೀವಿಸಿ, ತನ್ನಷ್ಟಕ್ಕೆ ತಾನೇ ಓದಿದವನು. ‘ನೇಗಿಲು ಮತ್ತು ನಕ್ಷತ್ರಗಳು’ ಎಂಬುದು ೧೯೧೩ರ ಮುಷ್ಕರದಲ್ಲಿ ಕೂಲಿಕಾರರ ರಕ್ಷಣೆಗಾಗಿ ಹುಟ್ಟಿದ ‘ಪೌರಸೇನೆ’ಯ ಧ್ವಜದ ಚಿಹ್ನೆ. ೧೯೧೪ರಲ್ಲಿ ಓಕೇಸಿಯೇ ಆ ಸೇನೆಯ ಕಾರ್ಯದರ್ಶಿಯಾಗಿದ್ದನು. ಮಧ್ಯಮವರ್ಗದ ದೇಶಾಭಿಮಾನಿಗಳೊಡನೆ ಅದು ಬೆರೆಯುತ್ತಿರುವುದನ್ನು ಸಹಿಸದೆ ಅದೇ ವರ್ಷ ಬಿಟ್ಟುಬಂದನು. ಕೂಲಿಕಾರರ ನೇಗಿಲು ಅನ್ಯರ ನೊಗಕ್ಕೆ ಬಿದ್ದಿತೆಂಬ ಕೊರಗು ಈ ನಾಟಕದ ಬೇರು.

ಆ ಕೂಲಿಕಾರರ ಮನೆಗಳ ಸ್ಥಿತಿಯನ್ನು ಅರಿಯದೆ ನಾಟಕವು ತಿಳಿಯದು. ಹಿಂದೆ ಶ್ರೀಮಂತರು ಕಟ್ಟಿಸಿ ಬಿಟ್ಟುಹೋದ ದೊಡ್ಡ ಮನೆಗಳು ಕೋಣೆಕೋಣೆಯಾಗಿ ಬಾಡಿಗೆಗೆ ಬಿದ್ದು ಬಡವರ ಗೂಡುಗಳಾಗಿದ್ದುವು. ೧೯೧೩ರ ಸೆಪ್ಟೆಂಬರಿನಲ್ಲಿ ಚರ್ಚ್ ಬೀದಿಯ ಇಂತಹ ಎರಡು ಮನೆಗಳು ಕುಸಿದು ಏಳು ಜನರು ಸತ್ತ ಮೇಲೆ ನಡೆದ ವಿಚಾರಣೆಯಿಂದ, ನಗರದಲ್ಲಿ ೨೦,೧೦೮ ಕುಟುಂಬಗಳು ಒಂದೊಂದೇ ಕೋಣೆಯಲ್ಲಿ ವಾಸಿಸುತ್ತಿದ್ದುವೆಂದು ತಿಳಿದುಬಂದಿತು. ಓಕೇಸಿಯ ಪಾತ್ರಗಳು ಒಬ್ಬರ ಮೇಲೊಬ್ಬರು ಬೀಳುವಂತೆ ಮಾತನಾಡುವುದೂ, ಒಬ್ಬರ ಜಗಳಕ್ಕೆ ಎಲ್ಲರೂ ಸಾಕ್ಷಿಗಳಾಗುವುದೂ ಕೇವಲ ಹಾಸ್ಯತಂತ್ರವಲ್ಲ. ಆ ಗೋಡೆಗಳು ಅಷ್ಟು ತೆಳು. ನಾಯಿಕೆಯಾದ ನೋರಾ ಬಾಗಿಲಿಗೆ ಒಂದು ಹೊಸ ಬೀಗವನ್ನು ಹಾಕಿಸುತ್ತಿರುವಲ್ಲಿಂದ ಮೊದಲನೆಯ ಅಂಕವು ಹೊರಡುತ್ತದೆ. ನೆರೆಯವರು ಅದನ್ನು ಜಂಬವೆಂದು ನಗುತ್ತಾರೆ. ಅವಳು ಬಯಸಿದುದು ಒಂದು ಕೋಣೆಯಷ್ಟು ಏಕಾಂತ. ಗಂಡ, ಮುಂದೆ ಹುಟ್ಟುವ ಮಗು. ಗಂಡ ಜಾಕ್ ಕ್ಲಿದರೋ ಗಾರೆಯ ಕೆಲಸದವನು. ತನಗೆ ಬರಬೇಕಾದ ಪದವಿ ಬರಲಿಲ್ಲವೆಂದು ಮುನಿದು ಪೌರಸೇನೆಯಿಂದ ದೂರವಾಗಿದ್ದಾನೆ. ಪದವಿಯ ಪತ್ರವು ಬಂದಿದ್ದಿತು; ನೋರಾ ಅದನ್ನು ಸುಟ್ಟಿದ್ದಳು. ಆ ಸಂಗತಿ ಹೊರಬಿದ್ದ ಗಳಿಗೆಯಲ್ಲಿ ಅವಳ ಬೀಗವು ವ್ಯರ್ಥವಾಗುತ್ತದೆ.

ಎರಡನೆಯ ಅಂಕವೇ ನಾಟಕದ ಹೃದಯ. ೧೯೧೫ರ ನವೆಂಬರಿನ ಒಂದು ರಾತ್ರಿ, ಒಂದು ಪಾನಶಾಲೆ, ಹೊರಗೆ ಬೀದಿಯಲ್ಲಿ ದೇಶಭಕ್ತರ ಬಹಿರಂಗಸಭೆ. ಒಳಗೆ ಕುಳಿತವರಿಗೆ ದೊಡ್ಡ ಕಿಟಕಿಯ ಗಾಜಿನ ಮೇಲೆ ಒಬ್ಬ ಎತ್ತರದ ಭಾಷಣಕಾರನ ನೆರಳು ಕಾಣುತ್ತದೆ; ಅವನ ವಾಕ್ಯಗಳು ಅಲೆಯಲೆಯಾಗಿ ಒಳಕ್ಕೆ ಬರುತ್ತವೆ. ರಕ್ತವು ನೆಲವನ್ನು ಪಾವನಗೊಳಿಸುವುದೆಂದೂ, ಯುದ್ಧವು ಭಯಾನಕವಾದರೂ ಕೇಡಲ್ಲವೆಂದೂ ಹೇಳುವ ಆ ಮಾತುಗಳನ್ನು ಓಕೇಸಿ ಕಲ್ಪಿಸಲಿಲ್ಲ. ಪಿಯರ್ಸನ ಭಾಷಣಗಳಿಂದಲೂ ಲೇಖನಗಳಿಂದಲೂ ಆಯ್ದು ಜೋಡಿಸಿದನು. ಅವನು ಅವುಗಳನ್ನು ಅಣಕಿಸಲಿಲ್ಲವೆಂಬುದನ್ನು ಒತ್ತಿ ಹೇಳಬೇಕಾಗಿದೆ. ಭಾಷಣವು ಭವ್ಯವಾಗಿಯೇ ಇದೆ. ಅದನ್ನು ಯಾರೂ ತಿರುಚಿ ನುಡಿಯುವುದಿಲ್ಲ. ಕವಿಯು ಮಾಡಿದುದು ಒಂದೇ ಕೆಲಸ: ಕೇಳುವವರನ್ನು ತೋರಿಸಿದುದು. ರೋಸಿ ಎಂಬ ವೇಶ್ಯೆಯು ಈ ದೇಶಭಕ್ತಿಯ ಗದ್ದಲದಲ್ಲಿ ಗಿರಾಕಿಗಳೇ ಇಲ್ಲವೆಂದು ಗೊಣಗುತ್ತಾಳೆ. ಒಬ್ಬನು ಆವೇಶದಿಂದ ಒಳನುಗ್ಗಿ ಮತ್ತೊಂದು ಲೋಟವನ್ನು ಕೇಳುತ್ತಾನೆ. ಇಬ್ಬರು ಹೆಂಗಸರು ಮಾತಿಗೆ ಮಾತು ಬೆಳೆದು ಸೆರಗು ಕಟ್ಟಿ ನಿಲ್ಲುತ್ತಾರೆ. ಅವರಲ್ಲೊಬ್ಬಳು ಕಂಕುಳಲ್ಲಿದ್ದ ಕೂಸನ್ನು ನೆಲದ ಮೇಲಿಟ್ಟು ಅಲ್ಲಿಯೇ ಮರೆತುಹೋಗುತ್ತಾಳೆ. ಹೊರಗೆ ಮಾತೃಭೂಮಿಯ ಕರೆ. ಒಳಗೆ ನೆಲದ ಮೇಲೆ ತಾಯಿಯಿಲ್ಲದ ಕೂಸು. ಕವಿಯು ಅದರ ಕಡೆಗೆ ಬೆರಳನ್ನು ತೋರಿಸುವುದಿಲ್ಲ, ನಗಿಸುತ್ತಾನೆ, ಅಷ್ಟೆ. ಕೊನೆಯಲ್ಲಿ ಕ್ಲಿದರೋ ತನ್ನ ಇಬ್ಬರು ಸಂಗಡಿಗರೊಡನೆ ಎರಡು ಧ್ವಜಗಳನ್ನು ಹಿಡಿದು ಬಂದು, ದೇಶವು ತಾಯಿಗಿಂತ ದೊಡ್ಡದು, ಹೆಂಡತಿಗಿಂತ ದೊಡ್ಡದು ಎಂದು ಮಂತ್ರದಂತೆ ನುಡಿದು ಹೊರಡುತ್ತಾನೆ. ರಾಷ್ಟ್ರದ ತ್ರಿವರ್ಣಧ್ವಜವು ಪಾನಶಾಲೆಗೆ ಬಂದುದೇ ಅಂದಿನ ಪ್ರೇಕ್ಷಕರಲ್ಲಿ ಅನೇಕರ ಕೋಪಕ್ಕೆ ಮೊದಲ ಕಾರಣ.

ಈ ಅಂಕವನ್ನು ಯೇಟ್ಸನ ‘ಕ್ಯಾಥಲೀನ್ ನಿ ಹೂಲಿಹನ್’ ನಾಟಕದ ಪಕ್ಕದಲ್ಲಿಟ್ಟು ಓದಿದರೆ ಅದರ ಮೊನೆ ತಿಳಿಯುತ್ತದೆ. ೧೯೦೨ರಲ್ಲಿ ಆಡಿದ ಆ ಕಿರುನಾಟಕದಲ್ಲಿ ಐರ್ಲೆಂಡೇ ಒಬ್ಬ ಮುದುಕಿಯಾಗಿ ಬಂದು ಮದುವೆಯ ಹಿಂದಿನ ದಿನ ವರನನ್ನು ಯುದ್ಧಕ್ಕೆ ಕರೆದೊಯ್ಯುತ್ತಾಳೆ. ಅವನು ಹೋದ ಕೂಡಲೆ ಆ ಮುದುಕಿಯು ರಾಣಿಯ ನಡೆಯುಳ್ಳ ತರುಣಿಯಾದಳೆಂದು ಕೇಳಿ ನಾಟಕವು ಮುಗಿಯುತ್ತದೆ. ಮನೆಯಲ್ಲಿ ಉಳಿದ ವಧುವಿನ ಗತಿಯನ್ನು ಯೇಟ್ಸನು ಹೇಳಲಿಲ್ಲ. ಓಕೇಸಿಯ ನಾಟಕವು ಆ ವಧುವಿನ ಮನೆಯಲ್ಲಿಯೇ ಉಳಿಯುತ್ತದೆ. ಆದುದರಿಂದ ೧೯೨೬ರಲ್ಲಿ ಯೇಟ್ಸನು ಓಕೇಸಿಯನ್ನು ಎತ್ತಿಹಿಡಿದುದು ತನ್ನ ಹಳೆಯ ನಾಟಕಕ್ಕೆ ಬಂದ ಉತ್ತರವನ್ನು ತಾನೇ ಎತ್ತಿಹಿಡಿದಂತಾಯಿತು. ಇದು ಅವನ ಉದಾರತೆಗೆ ಸಾಕ್ಷಿ. ಅವನಿಗೆ ಇದು ತಿಳಿದಿದ್ದಿತೋ ಎಂಬುದು ಬೇರೆ ಮಾತು.

ಗುರುವಾರದ ರಾತ್ರಿ ಎರಡನೆಯ ಮತ್ತು ಮೂರನೆಯ ಅಂಕಗಳಲ್ಲಿ ಕೂಗು ಹೆಚ್ಚಿತು. ಕೆಲವರು ರಂಗವನ್ನೇರಿದರು, ನಟ ಬ್ಯಾರಿ ಫಿಟ್ಸ್‌ಜೆರಲ್ಡ್ ಅವರಲ್ಲೊಬ್ಬನನ್ನು ಗುದ್ದಿ ಕೆಳಕ್ಕೆ ಬೀಳಿಸಿದನು. ಯೇಟ್ಸನು ಪೊಲೀಸರನ್ನು ಕರೆಯಿಸಿ, ತಾನು ರಂಗದ ಮೇಲೆ ನಿಂತು, ೧೯೦೭ರಲ್ಲಿ ಸಿಂಜನ ನಾಟಕಕ್ಕೆ ಆದ ಅವಮಾನವನ್ನು ನೆನಪಿಗೆ ತಂದು, ನೀವು ಮತ್ತೊಮ್ಮೆ ನಾಚಿಕೆಗೆಟ್ಟಿರಿ, ಓಕೇಸಿಯ ಕೀರ್ತಿ ಇಲ್ಲಿಯೇ ಹುಟ್ಟಿತು, ಇದೇ ಅವನಿಗೆ ದೇವಪದವಿ ಎಂಬರ್ಥದ ಮಾತುಗಳನ್ನಾಡಿದನು. ಗದ್ದಲದಲ್ಲಿ ಅದು ಬಹುಮಂದಿಗೆ ಕೇಳಲಿಲ್ಲ. ಆದರೂ ಪತ್ರಿಕೆಯಲ್ಲಿ ಪೂರ್ತಿಯಾಗಿ ಬಂದಿತು, ಏಕೆಂದರೆ ಕವಿಯು ಭಾಷಣದ ಪ್ರತಿಯನ್ನು ಮೊದಲೇ ಪತ್ರಿಕಾಲಯಕ್ಕೆ ಮುಟ್ಟಿಸಿದ್ದನಂತೆ. ಯೇಟ್ಸನು ಬಳಸಿದ ದೇವಪದವಿಯೆಂಬ ಗ್ರೀಕ್ ಮೂಲದ ಶಬ್ದದ ಅರ್ಥವು ತನಗೆ ತಿಳಿಯದೆ ಮನೆಗೆ ಹೋಗಿ ನಿಘಂಟುವನ್ನು ನೋಡಿದುದಾಗಿ ಓಕೇಸಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಭರತನ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ಬಲ್ಲವರಿಗೆ ಇಲ್ಲಿ ಒಂದು ಹಳೆಯ ಕಥೆ ನೆನಪಾಗದಿರದು. ಲೋಕದ ಮೊದಲನೆಯ ನಾಟಕವನ್ನು ಆಡಿದುದು ಇಂದ್ರಧ್ವಜದ ಉತ್ಸವದಲ್ಲಿ. ವಸ್ತು ದೇವತೆಗಳಿಂದ ದೈತ್ಯರಿಗಾದ ಸೋಲು. ಅದನ್ನು ನೋಡಿದ ದೈತ್ಯರು ಕೆರಳಿ, ವಿಘ್ನಗಳಿಂದ ನಟರ ಮಾತನ್ನೂ ಚಲನೆಯನ್ನೂ ನೆನಪನ್ನೂ ಸ್ತಂಭನಗೊಳಿಸಿದರು. ಇಂದ್ರನು ಆ ಧ್ವಜದ ದಂಡವನ್ನೇ ಕಿತ್ತು ಅವರನ್ನು ಜರ್ಜರಿತರನ್ನಾಗಿ ಬಡಿದನು. ಕಥೆ ಅಲ್ಲಿಗೆ ಮುಗಿಯದಿರುವುದೇ ಅದರ ಹಿರಿಮೆ. ಹೊಡೆತದಿಂದ ವಿಘ್ನಗಳು ನಿಲ್ಲಲಿಲ್ಲ. ಬ್ರಹ್ಮನು ಸಾಮೋಪಾಯದಿಂದ ದೈತ್ಯರ ಮುಖಂಡನಾದ ವಿರೂಪಾಕ್ಷನನ್ನು ಕರೆದು ಕಾರಣವನ್ನು ಕೇಳಿದನು. ನಿನ್ನಿಂದ ಹುಟ್ಟಿದವರು ದೇವತೆಗಳು ಹೇಗೋ ನಾವೂ ಹಾಗೆಯೇ, ನೀನು ಈ ಅವಮಾನವನ್ನು ಮಾಡಬಾರದಾಗಿತ್ತು ಎಂದು ಅವನು ಉತ್ತರವಿತ್ತನು. ಆಗ ಬ್ರಹ್ಮನು, ಈ ನಾಟ್ಯವು ನಿಮ್ಮೊಬ್ಬರದೂ ಅಲ್ಲ, ದೇವತೆಗಳದೂ ಅಲ್ಲ, ಮೂರು ಲೋಕದ ಭಾವಗಳ ಅನುಕೀರ್ತನವೆಂದು ಸಮಾಧಾನಪಡಿಸಿದನು. ವಿರೂಪಾಕ್ಷನ ಮಾತನ್ನು ಶಾಸ್ತ್ರಕಾರನು ಮೌಢ್ಯವೆಂದು ತಳ್ಳಿಹಾಕಲಿಲ್ಲ. ನಾಟ್ಯವೆಂದರೇನೆಂಬ ಲಕ್ಷಣವೇ ಆ ಮಾತಿಗೆ ಉತ್ತರವಾಗಿ ಹುಟ್ಟಿತು. ಡಬ್ಲಿನ್ನಿನಲ್ಲಿ ಇಂದ್ರನ ದಂಡವು ಎದ್ದಿತು. ಬ್ರಹ್ಮನ ಮಾತನ್ನು ಆಡಿದವರು ಯಾರೂ ಇರಲಿಲ್ಲ.

ಪ್ರತಿಭಟನೆಯ ಮುಂದಾಳಾದ ಹ್ಯಾನಾ ಷೀಹಿ ಸ್ಕೆಫಿಂಗ್ಟನ್ ಅಲ್ಪಳಾದ ಹೆಂಗಸಲ್ಲ. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿ ಸೆರೆಮನೆಯನ್ನು ಕಂಡವಳು, ವಿದ್ಯಾವಂತೆ. ಅವಳ ಗಂಡ ಫ್ರಾನ್ಸಿಸನು ಯುದ್ಧವಿರೋಧಿ; ೧೯೧೬ರ ದಂಗೆಯಲ್ಲಿ ಆಯುಧವನ್ನು ಮುಟ್ಟದೆ, ಬೀದಿಯಲ್ಲಿ ಅಂಗಡಿಗಳ ಲೂಟಿಯನ್ನು ನಿಲ್ಲಿಸುವುದಕ್ಕೆ ಪೌರರನ್ನು ಕೂಡಿಸಲು ಹೊರಟಿದ್ದಾಗ ಸೈನಿಕರಿಗೆ ಸಿಕ್ಕಿ, ಏಪ್ರಿಲ್ ೨೬ರಂದು ವಿಚಾರಣೆಯಿಲ್ಲದೆ ಆಂಗ್ಲ ಸೇನಾಧಿಕಾರಿಯೊಬ್ಬನ ಆಜ್ಞೆಯಿಂದ ಗುಂಡಿಗೆ ಬಲಿಯಾದನು. ಸರ್ಕಾರವು ಪರಿಹಾರವೆಂದು ಕೊಡಬಂದ ೧೦,೦೦೦ ಪೌಂಡುಗಳನ್ನು ಅವಳು ಮುಟ್ಟಲಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರವಾದುದು. ೧೯೧೯ರಲ್ಲಿ ಓಕೇಸಿಯು ಬರೆದ ಪೌರಸೇನೆಯ ಚಿಕ್ಕ ಚರಿತ್ರೆಯಲ್ಲಿ, ಐರ್ಲೆಂಡಿನ ಸಮಾಜವಾದದ ಮೊದಲನೆಯ ಹುತಾತ್ಮನು ಸೇನೆಯ ನಾಯಕನಾದ ಕಾನಲಿಯಲ್ಲ, ಈ ಸ್ಕೆಫಿಂಗ್ಟನ್ನನೇ ಎಂದು ಸಾರಿದ್ದನು. ನಾಟಕದ ಮೂರನೆಯ ಅಂಕವು ಲೂಟಿಯ ಅಂಕ: ಬೆಸ್ಸಿ ಮತ್ತು ಗೋಗನ್ ಎಂಬ ಹೆಂಗಸರು ಒಂದು ಕೈಗಾಡಿಗಾಗಿ ಜಗಳವಾಡಿ, ಆಮೇಲೆ ರಾಜಿಯಾಗಿ, ಇಬ್ಬರೂ ಅದನ್ನು ತುಂಬಿಕೊಂಡು ಬರುತ್ತಾರೆ, ಪ್ರೇಕ್ಷಕರು ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಆ ಲೂಟಿಯನ್ನು ತಡೆಯಹೋಗಿ ಸತ್ತವನ ಹೆಂಡತಿ ಆ ನಗೆಯನ್ನು ಹೇಗೆ ಕೇಳಿಸಿಕೊಂಡಿರಬೇಕು! ಓಕೇಸಿಗೂ ಅವಳಿಗೂ ನಡುವೆ ಇದ್ದ ಒಂದು ಸತ್ತ ಮನುಷ್ಯನನ್ನು ಇಬ್ಬರೂ ಗೌರವಿಸುತ್ತಿದ್ದರು. ವಾದದಲ್ಲಿ ಅದು ಇಬ್ಬರ ಉಪಯೋಗಕ್ಕೂ ಬರಲಿಲ್ಲ.

ಪತ್ರಿಕೆಗೆ ಬರೆದ ಕಾಗದದಲ್ಲಿ ಅವಳು ತನ್ನ ಆಕ್ಷೇಪವು ಶೀಲದ ಕಾರಣದಿಂದಲ್ಲ, ರಾಷ್ಟ್ರದ ಕಾರಣದಿಂದ ಎಂದು ಸ್ಪಷ್ಟಪಡಿಸಿದಳು. ರಾಜ್ಯದ ಹಣವನ್ನು ಪಡೆದು ರಾಷ್ಟ್ರೀಯವೆನ್ನಿಸಿಕೊಂಡ ನಾಟಕಶಾಲೆಯು ಆ ವಾರದ ನೆನಪನ್ನು ಹೀಗೆ ಆಡಬಹುದೆ ಎಂಬುದು ಅವಳ ಪ್ರಶ್ನೆ. ಮಾರ್ಚ್ ೧ರಂದು ಮಿಲ್ಸ್ ಹಾಲಿನಲ್ಲಿ ಓಕೇಸಿಗೂ ಅವಳಿಗೂ ಬಹಿರಂಗವಾದವು ನಡೆಯಿತು. ಓಕೇಸಿಯು ನಡುವೆ ಅಸ್ವಸ್ಥನಾಗಿ ಕುಳಿತು, ಆಮೇಲೆ ಎದ್ದು ಮುಂದುವರಿಸಿದನು. ಲಿಯಂ ಓಫ್ಲಾಹರ್ಟಿ, ಆಸ್ಟಿನ್ ಕ್ಲಾರ್ಕ್ ಮೊದಲಾದ ಲೇಖಕರೂ ನಾಟಕವನ್ನು ಖಂಡಿಸಿ ಬರೆದರೆಂಬುದರಿಂದ ಎದುರು ಪಕ್ಷವು ಬರಿಯ ಅರಸಿಕರದಾಗಿರಲಿಲ್ಲವೆಂದು ತಿಳಿಯಬಹುದು. ಕೂಗಿ ನಾಟಕವನ್ನು ನಿಲ್ಲಿಸಲೆಳಸಿದುದು ತಪ್ಪೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆಕ್ಷೇಪದ ಒಳಗೆ ಒಂದು ವಿಮರ್ಶೆ ಅಡಗಿದೆ. ಅದನ್ನು ರಾಜಕೀಯದಿಂದ ಬಿಡಿಸಿ ನೋಡುವುದು ವಿಮರ್ಶಕನ ಕೆಲಸ.

ಆ ವಿಮರ್ಶೆಯನ್ನು ಅಲಂಕಾರಶಾಸ್ತ್ರದ ಮಾತಿನಲ್ಲಿ ಹೀಗೆ ಹೇಳಬಹುದು. ವೀರರಸಕ್ಕೆ ಸ್ಥಾಯಿಯು ಉತ್ಸಾಹ. ಈ ನಾಟಕದಲ್ಲಿ ಹೋರಾಡಲು ಹೋದವರೆಲ್ಲರಲ್ಲಿಯೂ ಉತ್ಸಾಹದ ಸ್ಥಾನದಲ್ಲಿ ಮದವೋ ಪಾನವೋ ಪರರ ಕಣ್ಣಿಗೆ ಅಂಜಿಕೆಯೋ ಇರುವುದರಿಂದ ಹುಟ್ಟುವುದು ವೀರವಲ್ಲ, ವೀರಾಭಾಸ. ಆಭಾಸವನ್ನು ಚಿತ್ರಿಸುವುದು ಕವಿಗೆ ದೋಷವಲ್ಲ; ಹಾಸ್ಯದ ಅರ್ಧ ಸಂಪತ್ತು ಅದರಲ್ಲಿಯೇ ಇದೆ. ಪೀಟರನು ಗರಿಯ ಟೋಪಿಯನ್ನೂ ಕತ್ತಿಯನ್ನೂ ತೊಟ್ಟು ಬೀಗುವಲ್ಲಿ, ಸಮಾಜವಾದಿ ಯುವಕನು ಯಾರೂ ಕೇಳದ ಒಂದು ಗ್ರಂಥದ ಹೆಸರನ್ನು ಮಾತುಮಾತಿಗೂ ಎತ್ತಿ ಕೊನೆಗೆ ತಾನೂ ಲೂಟಿಯ ಮೂಟೆಯನ್ನು ಹೊತ್ತು ಬರುವಲ್ಲಿ ಆಭಾಸವು ಔಚಿತ್ಯದಿಂದಲೇ ಇದೆ. ಮೂರನೆಯ ಅಂಕದಲ್ಲಿ ನೋರಾ ಗುಂಡುಗಳ ನಡುವೆ ಗಂಡನನ್ನು ಹುಡುಕಿ ಬಂದು, ಹೋರಾಡುವವರು ಭಯವಿಲ್ಲದವರಲ್ಲ, ಭಯವಿದೆಯೆಂದು ಹೇಳುವುದಕ್ಕೆ ಭಯಪಡುವವರು ಎಂದು ಕಂಡುಕೊಂಡುದು ನಾಟಕದಲ್ಲಿಯೇ ಅತ್ಯಂತ ಆಳವಾದ ನೋಟ. ಆದರೆ ಆ ನೋಟವು ಎಲ್ಲರ ಮೇಲೆಯೂ ಒಂದೇ ಸಮನಾಗಿ ಬಿದ್ದಾಗ ಅದು ನೋಟವಾಗಿ ಉಳಿಯದೆ ತೀರ್ಪಾಗುತ್ತದೆ. ಕ್ಲಿದರೋ ಹೋದುದು ಪದವಿಗಾಗಿ. ಹಿಂದಿರುಗದಿದ್ದುದು ಸಂಗಡಿಗರ ಎದುರಿನ ನಾಚಿಕೆಯಿಂದ. ಅವನು ನೋರಾಳನ್ನು ತಳ್ಳಿ ಹೋಗುವಾಗ ಅವನೊಳಗೆ ಏನಾಯಿತೆಂದು ತಿಳಿಯುವುದಿಲ್ಲ. ಉರಿಯುವ ಹೋಟೆಲಿನಲ್ಲಿ ಸತ್ತ ಸಮಾಚಾರವೂ ಪರರ ಬಾಯಿಂದ ಬರುತ್ತದೆ.

ಕಿಟಕಿಯ ಹೊರಗಿನ ಧ್ವನಿಯಲ್ಲಿಯೇ ಶ್ರದ್ಧೆ ಇದೆಯಲ್ಲವೆ ಎಂದು ಕೇಳಬಹುದು. ಇದೆ, ಆದರೆ ಅದು ಶರೀರವಿಲ್ಲದ ಧ್ವನಿ, ನೆರಳು. ಶ್ರದ್ಧೆಯು ಬೀದಿಯಿಂದ ಬಂದುದೇ ಹೊರತು ಆ ಬಡಮನೆಗಳಲ್ಲಿ ಹುಟ್ಟಿದುದಲ್ಲವೆಂದು ಕವಿಯು ಹೇಳುವಂತೆ ತೋರುತ್ತದೆ. ಚರಿತ್ರೆಯು ಇದನ್ನು ಒಪ್ಪುವುದಿಲ್ಲ. ಪೌರಸೇನೆಯಲ್ಲಿದ್ದವರು ಬಹುಮಟ್ಟಿಗೆ ಆ ಬಡಬೀದಿಗಳ ಕೂಲಿಕಾರರೇ. ಅವರಲ್ಲಿ ಪದವಿಯ ಆಸೆಯಿಲ್ಲದೆ, ಕುಡಿಯದೆ, ತಿಳಿದು ಹೋಗಿ ಸತ್ತವರು ಇದ್ದರು. ಅವರ ಹೆಸರುಪಟ್ಟಿಯನ್ನು ಕೈಯಲ್ಲಿ ಹಿಡಿದಿದ್ದ ಹಳೆಯ ಕಾರ್ಯದರ್ಶಿಗೆ ಇದು ತಿಳಿಯದ ಸಂಗತಿಯಲ್ಲ. ಅಂತಹ ಒಬ್ಬನನ್ನು, ಒಂದೇ ಒಂದು ದೃಶ್ಯಕ್ಕಾಗಿಯಾದರೂ, ಆ ಕೋಣೆಗಳೊಳಕ್ಕೆ ತಂದಿದ್ದರೆ ನೋರಾಳ ದುಃಖವು ಕಡಿಮೆಯಾಗುತ್ತಿರಲಿಲ್ಲ, ಹೆಚ್ಚುತ್ತಿತ್ತು. ಮೂರ್ಖನಿಗಾಗಿ ಅಳುವ ಹೆಂಡತಿಗಿಂತ ಯೋಗ್ಯನಿಗಾಗಿ ಅಳುವ ಹೆಂಡತಿಯ ಪ್ರಶ್ನೆಯು ತೀಕ್ಷ್ಣವಾದುದು. ಪ್ರೇಕ್ಷಾಗೃಹದಲ್ಲಿ ಎದ್ದು ನಿಂತವರು ಅಂತಹ ಹೆಂಡತಿಯರು. ರಂಗದ ಮೇಲೆ ತಮ್ಮ ದುಃಖವನ್ನು ಅವರು ಕಂಡರು. ಆದರೆ ತಮ್ಮ ಗಂಡಂದಿರನ್ನು ಕಾಣಲಿಲ್ಲ.

ಈ ಕೊರತೆಯನ್ನು ಹೇಳಿದ ಮೇಲೆ ಬೆಸ್ಸಿ ಬರ್ಜೆಸಳ ಪಾತ್ರವನ್ನು ಕುರಿತು ಹೇಳದಿದ್ದರೆ ಅನ್ಯಾಯವಾದೀತು. ಹಣ್ಣು ಮಾರುವ ಈ ಪ್ರಾಟೆಸ್ಟೆಂಟ್ ಹೆಂಗಸು ಆಂಗ್ಲ ದೊರೆಯ ಭಕ್ತೆ. ಅವಳ ಮಗನು ಬ್ರಿಟಿಷ್ ಸೇನೆಯಲ್ಲಿ ಹೋರಾಡುತ್ತಿದ್ದಾನೆ. ಕುಡಿದು, ಬಾಗಿಲುಗಳನ್ನು ತಟ್ಟಿ, ಎಲ್ಲರನ್ನೂ ಶಪಿಸುವವಳು. ದಂಗೆಯ ದಿನ ಕಿಟಕಿಯಿಂದ ತಲೆಹಾಕಿ ಅಣಕದ ಹಾಡನ್ನು ಹಾಡುವವಳೂ ಅವಳೇ. ಗುಂಡುಗಳ ನಡುವೆ ನೋರಾಳಿಗಾಗಿ ವೈದ್ಯನನ್ನು ಕರೆಯಹೋಗುವವಳೂ ಅವಳೇ. ಕ್ಷಯದಿಂದ ನವೆಯುತ್ತಿದ್ದ ಮಾಲ್ಸರ್ ಎಂಬ ಹುಡುಗಿಗೆ ಮೊದಲಿನಿಂದಲೂ ಗುಟ್ಟಾಗಿ ಒಂದು ಬಟ್ಟಲು ಹಾಲನ್ನು ಕೊಡುತ್ತಿದ್ದವಳೂ ಅವಳೇ. (ಹೊರಗೆ ಬಂದು ಬಿಸಿಲಿನಲ್ಲಿ ಕುಳಿತು ಬೀದಿಯನ್ನು ನೋಡುತ್ತ ಸಾಯುವ ಈ ಹುಡುಗಿಯು ಅದೇ ರಂಗದ ಮೇಲೆ ಹಿಂದೆ ಕಿಟಕಿಯ ಬಳಿ ಕುಳಿತಿದ್ದ ‘ಡಾಕ್‌ಘರ್’ ನಾಟಕದ ಅಮಲನ ತಂಗಿಯಂತಿದ್ದಾಳೆ, ಇವಳಿಗೆ ದೊರೆಯ ಕಾಗದವು ಮಾತ್ರ ಬರುವುದಿಲ್ಲ.) ನಾಲ್ಕನೆಯ ಅಂಕದಲ್ಲಿ ಮಾಲ್ಸರಳ ಶವಪೆಟ್ಟಿಗೆಯ ಬಳಿ ಗಂಡಸರು ಇಸ್ಪೀಟು ಆಡುತ್ತಿರುವಾಗ ಬೆಸ್ಸಿ ಮೂರು ರಾತ್ರಿಗಳ ನಿದ್ದೆಗೆಟ್ಟು ಹುಚ್ಚಿಯಾದ ನೋರಾಳನ್ನು ಕಾಯುತ್ತಾಳೆ, ಅವಳನ್ನು ಕಿಟಕಿಯಿಂದ ಈಚೆಗೆ ಎಳೆಯಹೋಗಿ, ತಾನು ಭಕ್ತಿಯಿಟ್ಟ ದೊರೆಯ ಸೈನಿಕರ ಗುಂಡನ್ನೇ ತಿಂದು ಸಾಯುತ್ತಾಳೆ. ಸಾಯುವಾಗ ನೋರಾಳನ್ನು ಹೀನವಾಗಿ ಬೈಯುತ್ತಾಳೆ. ಆ ಬೈಗುಳವನ್ನು ಒರಟೆಂದು ಕೆಲವರು ಆಕ್ಷೇಪಿಸಿದ್ದಾರೆ. ಅದಿಲ್ಲದಿದ್ದರೆ ಬೆಸ್ಸಿಯು ಸಂತಳಾಗಿಬಿಡುತ್ತಿದ್ದಳು. ಕವಿಯು ಅವಳನ್ನು ಮನುಷ್ಯಳನ್ನಾಗಿಯೇ ಸಾಯಗೊಟ್ಟನು. ಪ್ರಾಣವನ್ನು ಕೊಟ್ಟುದೂ ನಿಜ, ಕೊಡಲಾರದೆ ಕೊಟ್ಟುದೂ ನಿಜ. ಮಹಾಭಾರತದ ಸ್ತ್ರೀಪರ್ವದಲ್ಲಿ ರಣಭೂಮಿಯ ಹೆಣಗಳ ನಡುವೆ ಗಾಂಧಾರಿಯು ಕೃಷ್ಣನನ್ನು ಎದುರಿಗೇ ನಿಲ್ಲಿಸಿ ಶಪಿಸುತ್ತಾಳೆ. ಓಕೇಸಿಯ ಹೆಂಗಸರಿಗೆ ಎದುರಿಗೆ ಯಾರೂ ಸಿಕ್ಕುವುದಿಲ್ಲ. ಭಾಷಣಕಾರನ ನೆರಳು ಎರಡನೆಯ ಅಂಕದಲ್ಲಿಯೇ ಗಾಜಿನಿಂದ ಮಾಯವಾಗಿದೆ. ಶಾಪವು ಪಕ್ಕದಲ್ಲಿದ್ದವಳ ಮೇಲೆ ಬೀಳುತ್ತದೆ. ಈಚಿನ ಎಣಿಕೆಯಂತೆ ಆ ವಾರ ಸತ್ತ ಸುಮಾರು ೪೮೫ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಯಾವ ಸೇನೆಗೂ ಸೇರದ ಪೌರರು. ಅವರಿಗೆ ಸ್ಮಾರಕವೆಂಬುದು ೧೯೨೬ರಲ್ಲಿ ಯಾವುದಾದರೂ ಇದ್ದರೆ ಅದು ಬೆಸ್ಸಿಯ ಈ ದೃಶ್ಯವೇ.

ಉಳಿದುದನ್ನು ಬೇಗ ಹೇಳಬಹುದು. ನಾಟಕವು ಪೊಲೀಸರ ಕಾವಲಿನಲ್ಲಿ ವಾರವನ್ನು ಮುಗಿಸಿತು. ಮಾರ್ಚಿಯಲ್ಲಿ ಓಕೇಸಿಯು ತನ್ನ ಹಿಂದಿನ ನಾಟಕಕ್ಕೆ ದೊರೆತ ಹಾಥಾರ್ನ್‌ಡನ್ ಬಹುಮಾನವನ್ನು ಪಡೆಯಲು ಲಂಡನ್ನಿಗೆ ಹೋದನು. ವಾಸಕ್ಕೆಂದು ಐರ್ಲೆಂಡಿಗೆ ಹಿಂದಿರುಗಲೇ ಇಲ್ಲ. ೧೯೨೮ರಲ್ಲಿ ಅವನ ಮುಂದಿನ ನಾಟಕವನ್ನು ಆಬಿಯು ತಿರಸ್ಕರಿಸಿತು. ತಿರಸ್ಕರಿಸಿದವರಲ್ಲಿ ಮುಖ್ಯನು ಯೇಟ್ಸನೇ. ಗಲಭೆ ನಡೆದ ಫೆಬ್ರವರಿ ತಿಂಗಳಲ್ಲಿಯೇ ಸರ್ಕಾರವು ಹೀನ ಸಾಹಿತ್ಯವನ್ನು ವಿಚಾರಿಸಲು ಐದು ಜನರ ಸಮಿತಿಯೊಂದನ್ನು ನೇಮಿಸಿತ್ತು. ಅದರ ಅಧ್ಯಕ್ಷನು ಸಾಹಿತ್ಯದ ಅಧ್ಯಾಪಕನೆಂಬುದು ಗಮನಿಸತಕ್ಕ ವಿಷಯ. ೧೯೨೯ರ ಗ್ರಂಥನಿಯಂತ್ರಣದ ಶಾಸನವು ಆ ಸಮಿತಿಯ ಫಲ. ಅದರ ಕೈಗೆ ಪುಸ್ತಕಗಳು ಸಿಕ್ಕಿದುವು, ರಂಗಭೂಮಿ ಸಿಕ್ಕಲಿಲ್ಲ.

ನಾಟಕದ ಕೊನೆಯಲ್ಲಿ ಇಬ್ಬರು ಆಂಗ್ಲ ಸೈನಿಕರು ಬೆಸ್ಸಿಯ ಶವವಿರುವ ಕೋಣೆಯಲ್ಲಿ ಕುಳಿತು, ನೋರಾ ತನ್ನ ಗಂಡನಿಗೆಂದು ಮತಿವಿಕಲೆಯಾಗಿ ಸಿದ್ಧಪಡಿಸಿದ್ದ ಚಹಾವನ್ನು ಕುಡಿಯುತ್ತಾರೆ. ಹೊರಗೆ ನಗರವು ಉರಿಯುತ್ತಿರುವಾಗ, ಮನೆಯ ಒಲೆಯ ಬೆಂಕಿಯನ್ನು ಆರದಂತೆ ಕಾಯಿರೆಂಬ ಯುದ್ಧಕಾಲದ ಜನಪ್ರಿಯ ಗೀತವನ್ನು ಹಾಡುತ್ತಾರೆ. ೧೯೫೧ನೆಯ ಜುಲೈ ೧೭ರ ರಾತ್ರಿ ಆಬಿಯಲ್ಲಿ ಈ ದೃಶ್ಯವನ್ನು ಆಡಿ ನಟರು ಮನೆಗೆ ಹೋದರು. ಕೆಲವು ಗಂಟೆಗಳಲ್ಲಿ ನಾಟಕಶಾಲೆಗೆ ಬೆಂಕಿ ಹತ್ತಿ ಬೆಳಗಾಗುವುದರೊಳಗೆ ರಂಗಸ್ಥಳವು ಸುಟ್ಟುಹೋಯಿತು. ಮರುದಿನ ರಾತ್ರಿ ಅವರು ಪಕ್ಕದ ಚಿಕ್ಕ ರಂಗದಲ್ಲಿ ಇದೇ ನಾಟಕವನ್ನು ಆಡಿದರು.